ಪೆನ್‌ಡ್ರೈವ್ ನೀವೇ ತನ್ನಿ ಸಾರ್

ಪೊಲೀಸರು ಮನೆ ಬಾಗಿಲಿಗೆ ಬಂದರೆ ನಮ್ಮ ಬೀದಿಯಲ್ಲಿ ಅದಕ್ಕೆ ಎರಡೇ ಅರ್ಥ. ಒಂದು, ಪಾಸ್‌ಪೋರ್ಟ್ ವೆರಿಫಿಕೇಶನ್. ಇನ್ನೊಂದು, ಆ ಮನೆ ಹುಡುಗ ಏನೋ ಮಾಡಿಕೊಂಡಿದ್ದಾನೆ. 2025ರ ಜುಲೈನಲ್ಲಿ ಗೃಹ ಸಚಿವರು ‘ಮನೆ ಮನೆಗೆ ಪೊಲೀಸ್’ ಶುರು ಮಾಡಿದ ಮೇಲೆ ಮೂರನೇ ಅರ್ಥವೂ ಬಂತು: ಸುಮ್ನೆ ಮಾತಾಡಿಸಿಕೊಂಡು ಹೋಗೋಕೆ.

ನಮ್ಮನೆಗೂ ಒಬ್ಬ ಕಾನ್‌ಸ್ಟೆಬಲ್ ಬಂದರು. ಬೂಟು ಬಿಚ್ಚಬೇಕೋ ಬೇಡವೋ ಅಂತ ಅವರು, ಕಾಫಿ ಕೊಡಬೇಕೋ ಕವರ್ ಕೊಡಬೇಕೋ ಅಂತ ನಾನು, ಇಬ್ಬರಿಗೂ ಹೊಸ ಅನುಭವ ಅಲ್ವಾ! ಫಾರಂ ತುಂಬಿಸಿಕೊಂಡು, ಬಾಗಿಲಲ್ಲಿ ನನ್ನ ಜೊತೆ ಒಂದು ಫೋಟೊ ತೆಗೆದುಕೊಂಡು ಹೊರಟರು. ಎದುರು ಮನೆ ಅಜ್ಜಿ ಗೇಟಿಗೆ ಬಂದು, ‘ಮಗ ಮನೇಲೇ ಇದಾನೇನಪ್ಪಾ?’ ಅಂದರು. ದನಿಯಲ್ಲಿ ಎಷ್ಟು ಕನಿಕರ!

2017ರಲ್ಲೂ ಹೀಗೇ ‘ಸುಧಾರಿತ ಗಸ್ತು’ ಬಂದಿತ್ತು. ಒಬ್ಬೊಬ್ಬ ಸಿಬ್ಬಂದಿಗೂ ಒಂದೊಂದು ಬೀಟ್, ಅಂದರೆ ಗಸ್ತು ತಿರುಗುವ ಏರಿಯಾ, ಬೀಟಿಗೆ ನಾಗರಿಕ ಸದಸ್ಯರು. ನಾನೂ ಸದಸ್ಯನಾದೆ. ಮೊದಲ ಸಭೆ ಗಣೇಶನ ಗುಡಿ ಮುಂದೆ. ಕುರ್ಚಿ ನಮ್ಮನೆಯಿಂದ, ಮೈಕು ಗಣೇಶೋತ್ಸವದ ಹುಡುಗರಿಂದ, ಬನ್ನು ಬೇಕರಿಯಿಂದ. ಸರ್ಕಾರದ ಕಡೆಯಿಂದ ಬ್ಯಾನರ್. ಚರ್ಚೆಯಾದ ಏಕೈಕ ಅಪರಾಧ, ಬೆಳಗ್ಗೆ ಐದೂವರೆಗೆ ಕಾಂಪೌಂಡಿನ ದಾಸವಾಳ ಕಿತ್ತುಕೊಂಡು ಹೋಗುವವರದ್ದು. ಆರೋಪಿ ಎರಡನೇ ಸಾಲಿನಲ್ಲೇ ಕೂತು ಬನ್ನು ತಿನ್ನುತ್ತಿದ್ದರು.

ಪಾಪ, ಆ ಕಾನ್‌ಸ್ಟೆಬಲ್‌ಗಳನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಬೀಟ್ ಅಂತ ಹೊರಟರೆ ಬಂದೋಬಸ್ತ್, ಬಂದೋಬಸ್ತ್ ಮುಗಿದರೆ ಕೋರ್ಟ್ ಸಮನ್ಸ್, ಇದರ ನಡುವೆ ನಮ್ಮ ಜೊತೆ ಸ್ನೇಹ ಬೇರೆ ಬೆಳೆಸಬೇಕು.

ಇನ್ನು ಕ್ಯಾಮೆರಾ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿಗೆ 7,000ಕ್ಕೂ ಹೆಚ್ಚು ಕ್ಯಾಮೆರಾ ಬಂದಿವೆ. ಅದೆಲ್ಲ ಮೇನ್ ರೋಡಿನ ವೈಭವ, ನಮ್ಮ ಅಡ್ಡರಸ್ತೆಗೆ ನಾವೇ ಗತಿ. ಇದೂ ಸಾಲದು ಅಂತ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆ, ಜಾಸ್ತಿ ಜನ ಸೇರುವ ಕಡೆ ಮಾಲೀಕರೇ ಕ್ಯಾಮೆರಾ ಹಾಕಿಸಿ 30 ದಿನದ ದೃಶ್ಯ ಇಟ್ಟುಕೊಳ್ಳಬೇಕು ಅನ್ನುತ್ತದೆ. ಇಟ್ಟುಕೊಳ್ಳೋದು ಅವರ ಕೆಲಸ, ಸರಿ. ಅದನ್ನು ತಂದು ಕೊಡೋದು ಯಾರ ಕೆಲಸ ಅಂತ ಗೊತ್ತಾಗಿದ್ದು ನನ್ನ ಸ್ಕೂಟರ್ ಕಳುವಾದಾಗ.

‘ಅಕ್ಕಪಕ್ಕದ ಫುಟೇಜ್ ಕಲೆಕ್ಟ್ ಮಾಡ್ಕೊಂಡ್ ಬನ್ನಿ ಸಾರ್, ಪೆನ್‌ಡ್ರೈವ್ ನೀವೇ ತನ್ನಿ’ ಅಂದರು ಠಾಣೆಯಲ್ಲಿ.

ಹೊರಟೆ. ಬೇಕರಿಯ ಕ್ಯಾಮೆರಾ ಗಲ್ಲಾಪೆಟ್ಟಿಗೆ ಮೇಲಿನ ಕಣ್ಣು ತೆಗೆದೇ ಇಲ್ಲ. ಮೆಡಿಕಲ್ ಸ್ಟೋರಿನವರಿಗೆ ಪಾಸ್‌ವರ್ಡ್ ಮರೆತಿದೆ. ಮೂಲೆ ಮನೆಯದಂತೂ ಖಾಲಿ ಡಬ್ಬಿ, ಕಳ್ಳರು ಹೆದರಲಿ ಅಂತ ಅಂಟಿಸಿದ್ದಂತೆ! ಕೊನೆಗೆ ಎದುರು ಮನೆ ಅಜ್ಜಿಯ ಅಳಿಯ ಹಾಕಿಸಿದ ಕ್ಯಾಮೆರಾದಲ್ಲಿ ಕಳ್ಳ ಸಿಕ್ಕಿಬಿಟ್ಟ. ರಾತ್ರಿ 2.40. ನಿಧಾನಕ್ಕೆ ಬಂದು, ನನ್ನ ಸ್ಕೂಟರಿನ ಕನ್ನಡಿ ತಿರುಗಿಸಿಕೊಂಡು ತಲೆ ಬಾಚಿಕೊಂಡು, ಆಮೇಲೆ ಸ್ಕೂಟರ್ ತಳ್ಳಿಕೊಂಡು ಹೋದ. 2.47ಕ್ಕೆ ಗಸ್ತಿನ ಬೈಕ್ ಬಂತು. ಇಳಿಯಲೂ ಇಲ್ಲ, ಗಸ್ತಿಗೆ ಬಂದಿದ್ದಕ್ಕೆ ಗುರುತು ಬೀಳಲಿ ಅಂತ ಗೇಟಿಗೆ ಅಂಟಿಸಿದ್ದ ಕ್ಯೂಆರ್ ಕೋಡಿಗೆ ಮೊಬೈಲ್ ತೋರಿಸಿ ಹೋಯಿತು. ಸ್ಕ್ಯಾನ್ ಆಗಿದೆ ಅಂದಮೇಲೆ ನಮ್ಮ ಬೀದಿ ಆ ರಾತ್ರಿ ಪೂರ್ತಿ ಸುರಕ್ಷಿತ. ನನ್ನ ಸ್ಕೂಟರಿಗೆ ಮಾತ್ರ ಅದು ತಿಳಿಯಲಿಲ್ಲ.

ಪೆನ್‌ಡ್ರೈವ್ ಕೊಟ್ಟೆ. ನೋಡಿದರು. ‘ಮುಖ ಕ್ಲಿಯರ್ ಇಲ್ವಲ್ಲ ಸಾರ್, ಒಳ್ಳೆ ಕ್ಯಾಮೆರಾ ಹಾಕ್ಸಿ. ಸದ್ಯಕ್ಕೆ ಪತ್ತೆ ಆಗ್ಲಿಲ್ಲ ಅಂತ ಸಿ ರಿಪೋರ್ಟ್ ಕೊಡ್ತೀವಿ, ಇನ್ಶೂರೆನ್ಸ್ ಕ್ಲೇಮ್ ಮಾಡ್ಕೊಳ್ಳಿ.’ ಪೆನ್‌ಡ್ರೈವ್ ದಾಖಲೆಗೆ ಬೇಕಂತೆ, ಇಟ್ಟುಕೊಂಡರು.

ಡಿಸೆಂಬರ್ ಬಂತು, ಅಂದರೆ ಅಪರಾಧ ತಡೆ ಮಾಸಾಚರಣೆ. ಬೀಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಮೆಸೇಜ್: ಭಾನುವಾರ ಗುಡಿ ಮುಂದೆ ಸಭೆ, ಕುರ್ಚಿ ಹೋದ ಸಲದ ಹಾಗೆ ನೀವೇ ತಂದುಬಿಡಿ ಸಾರ್.

ಸಾಗಿಸೋಕೆ ಸ್ಕೂಟರ್ ಇಲ್ಲ ಅಂತ ಬರೆದೆ. ಠಾಣೆಯಿಂದ ಒಂದು ಥಂಬ್ಸ್ ಅಪ್ ಬಂತು.