ಮದುವೆಯ ಬದಲಿಗೆ ನೋಂದಣಿ ಸಾಕೇ?

ಸಲಿಂಗ ಜೋಡಿಗಳ ಮಾತು ಬಂದಾಗಲೆಲ್ಲ ಒಳ್ಳೆಯ ಮನಸ್ಸಿನವರೂ ಕೇಳುವ ಪ್ರಶ್ನೆ ಇದು: 'ಒಟ್ಟಿಗೆ ಬದುಕಲಿ, ಬೇಡ ಎಂದವರು ಯಾರು? ಬೇಕಾದರೆ ಸರ್ಕಾರ ಬೇರೊಂದು ನೋಂದಣಿ ಮಾಡಿಕೊಡಲಿ. ಮದುವೆಯೇ ಯಾಕೆ ಆಗಬೇಕು?' ಇದನ್ನು ಕೇಳುವವರಲ್ಲಿ ಅನೇಕರಿಗೆ ದ್ವೇಷವಿಲ್ಲ ಎಂಬುದು ನನಗೆ ಗೊತ್ತು. ಆದ್ದರಿಂದಲೇ ಸಮಾಧಾನದಿಂದ ಉತ್ತರ ಬರೆಯಬೇಕು ಅನ್ನಿಸಿತು.

ಇಬ್ಬರೂ ಆರೋಗ್ಯವಾಗಿ ದುಡಿದುಕೊಂಡು ಒಂದೇ ಮನೆಯಲ್ಲಿರುವಷ್ಟು ದಿನ ಕಾನೂನಿನ ನೆನಪೂ ಆಗುವುದಿಲ್ಲ. ಒಬ್ಬರು ಐಸಿಯು ಸೇರಿದಾಗ, ತೀರಿಕೊಂಡಾಗ, ಬಿಟ್ಟುಹೋದಾಗ ಅದು ಬೇಕಾಗುತ್ತದೆ. ಶಸ್ತ್ರಚಿಕಿತ್ಸೆಗೆ ಸಹಿ ಹಾಕುವವರು ಯಾರು, ಶವ ಯಾರ ವಶಕ್ಕೆ, ಪಿಂಚಣಿ ಯಾರ ಪಾಲಿಗೆ, ಮಗು ಯಾರ ಬಳಿ? ಮದುವೆಯಾದವರು ಇವನ್ನೆಲ್ಲ ಒಂದೊಂದಾಗಿ ಸಾಬೀತು ಮಾಡಬೇಕಿಲ್ಲ. ಅವರ ಕೈಯಲ್ಲಿರುವ ಒಂದು ಪ್ರಮಾಣಪತ್ರವೇ ಹೆಚ್ಚಿನ ಕಡೆ ಸಾಕಾಗುತ್ತದೆ.

ಅಮೆರಿಕದ ಒಹಾಯೊ ರಾಜ್ಯದ ಜಿಮ್ ಓಬರ್ಗೆಫೆಲ್ ಮತ್ತು ಜಾನ್ ಆರ್ಥರ್ ಅವರ ವಿಷಯ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರ್ಥರ್ ಎಎಲ್‌ಎಸ್ ಎಂಬ, ನರಗಳನ್ನು ಕುಂದಿಸುತ್ತಾ ಹೋಗುವ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಒಹಾಯೊದಲ್ಲಿ ಅವರಿಗೆ ಮದುವೆಯ ಅವಕಾಶವಿರಲಿಲ್ಲ. 2013ರ ಜುಲೈನಲ್ಲಿ ಅವರನ್ನು ವೈದ್ಯಕೀಯ ವಿಮಾನದಲ್ಲಿ ಮೇರಿಲ್ಯಾಂಡ್‌ಗೆ ಕರೆದೊಯ್ದರು. ವಿಮಾನ ನಿಲ್ದಾಣದಲ್ಲಿ, ನಿಂತ ವಿಮಾನದೊಳಗೇ, ಮಲಗಿದ್ದಲ್ಲೇ ಆರ್ಥರ್ ಮದುವೆಯಾದರು. ಬಳಿಕ ಅದೇ ವಿಮಾನದಲ್ಲಿ ವಾಪಸ್. ಇಷ್ಟಾದರೂ ಒಹಾಯೊ ಕಾನೂನಿನ ಪ್ರಕಾರ ಆರ್ಥರ್ ಅವರ ಮರಣ ಪ್ರಮಾಣಪತ್ರದಲ್ಲಿ 'ಅವಿವಾಹಿತ' ಎಂದೇ ಇರಬೇಕಿತ್ತು, ಸಂಗಾತಿಯ ಹೆಸರಿನ ಜಾಗ ಖಾಲಿ ಬಿಡಬೇಕಿತ್ತು. ಸಾಯುತ್ತಿರುವ ಮನುಷ್ಯ ತನ್ನ ಮರಣ ಪ್ರಮಾಣಪತ್ರದ ಒಂದು ಸಾಲಿಗಾಗಿ ಕೋರ್ಟಿಗೆ ಹೋಗಬೇಕಾಯಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. 2015ರ ಜೂನ್ 26ರಂದು ಇಡೀ ಅಮೆರಿಕದಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟ ಸುಪ್ರೀಂ ಕೋರ್ಟ್ ತೀರ್ಪು ಓಬರ್ಗೆಫೆಲ್ ಹೆಸರಿನಲ್ಲೇ ಇದೆ.

ಇನ್ನು ನೋಂದಾಯಿತ ಸಹಜೀವನದ ವಿಚಾರ. 1989ರಲ್ಲಿ ಡೆನ್ಮಾರ್ಕ್ ಜಗತ್ತಿನಲ್ಲೇ ಮೊದಲು ಇಂಥ ಕಾನೂನು ತಂದಾಗ ಅದು ದೊಡ್ಡ ಹೆಜ್ಜೆ. ಅದನ್ನು ಹಗುರವಾಗಿ ಕಾಣುವವರ ಮೇಲೆ ನನಗೆ ಬೇಸರವಿದೆ. ಆದರೆ ಮದುವೆಯ ಜಾಗಕ್ಕೆ ಬದಲಿ ಎಂದು ಕೊಟ್ಟ ವ್ಯವಸ್ಥೆಯಲ್ಲಿ ಹಲವು ಬಾರಿ ಏನಾದರೊಂದನ್ನು ಹಿಡಿದಿಟ್ಟುಕೊಳ್ಳಲಾಗಿದೆ. ಡೆನ್ಮಾರ್ಕ್‌ನ ಆ ಕಾನೂನು ಮಕ್ಕಳನ್ನು ದತ್ತು ಪಡೆಯುವ ಹಕ್ಕು ಕೊಡಲಿಲ್ಲ. ಇಟಲಿ 2016ರಲ್ಲಿ ಇಂಥದ್ದೇ ಕಾನೂನು ತರುವಾಗ, ಸಂಗಾತಿಯ ಮಗುವನ್ನು ದತ್ತು ಪಡೆಯುವ ಅಂಶವನ್ನು ಮಸೂದೆ ಪಾಸಾಗಲೆಂದೇ ಕೈಬಿಟ್ಟರು. ಫ್ರಾನ್ಸ್‌ನಲ್ಲಿ 1999ರಿಂದ 'ಪ್ಯಾಕ್ಸ್' ಎಂಬ, ಜೋಡಿಗಳು ಮದುವೆಯಾಗದೆ ಮಾಡಿಕೊಳ್ಳಬಹುದಾದ ಸಹಜೀವನದ ಒಪ್ಪಂದವಿದೆ. ಉಯಿಲು ಬರೆಯದಿದ್ದರೆ ಆ ಸಂಗಾತಿ ವಾರಸುದಾರರಾಗುವುದಿಲ್ಲ. ವಿಧವೆ, ವಿಧುರರಿಗೆ ಸಿಗುವ ಪಿಂಚಣಿಯೂ ಇಲ್ಲ. ಇಂದು ಈ ಒಪ್ಪಂದ ಮಾಡಿಕೊಳ್ಳುವವರಲ್ಲಿ ಬಹುಪಾಲು ಗಂಡು-ಹೆಣ್ಣಿನ ಜೋಡಿಗಳೇ. ಇಷ್ಟೇ ಸಾಕು ಎಂದು ಅವರೇ ಆರಿಸಿಕೊಂಡದ್ದು, ಅದರಲ್ಲಿ ತಪ್ಪೇನಿಲ್ಲ. ಸಲಿಂಗ ಜೋಡಿಗಳಿಗೆ ಮಾತ್ರ 2013ರವರೆಗೆ ಆರಿಸಿಕೊಳ್ಳಲು ಬೇರೇನೂ ಇರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಎಲ್ಲರಿಗೂ ತೆರೆದಿರುವ ಎರಡನೇ ದಾರಿ ಒಳ್ಳೆಯದು. ಕೆಲವರನ್ನು ಮೊದಲ ದಾರಿಯಿಂದ ದೂರವಿಡಲು ಹಾಕಿದ ಎರಡನೇ ದಾರಿ ಅನ್ಯಾಯ.

ಹಕ್ಕುಗಳೆಲ್ಲ ಸಮವಾಗಿದ್ದರೆ? ಬ್ರಿಟನ್ ಹಾಗೆ ಮಾಡಲು ನೋಡಿತು. 2004ರ ಅದರ ಕಾನೂನಿನಲ್ಲಿ ಹೆಚ್ಚುಕಡಿಮೆ ಮದುವೆಯ ಎಲ್ಲ ಹಕ್ಕುಗಳೂ ಇದ್ದವು. ಆದರೆ ಸೂ ವಿಲ್ಕಿನ್ಸನ್ ಮತ್ತು ಸೀಲಿಯಾ ಕಿಟ್ಜಿಂಗರ್ ಎಂಬ ಪ್ರಾಧ್ಯಾಪಕಿಯರು 2003ರಲ್ಲೇ ಕೆನಡಾದಲ್ಲಿ ಮದುವೆಯಾಗಿದ್ದರು. ಅಲ್ಲಿ ದಂಪತಿಗಳಾದ ಇವರು ತವರಿಗೆ ಮರಳಿದರೆ, ಹೊಸ ಕಾನೂನಿನ ಪ್ರಕಾರ ನೋಂದಾಯಿತ ಸಂಗಾತಿಗಳು ಮಾತ್ರ. 2006ರಲ್ಲಿ ಹೈಕೋರ್ಟ್ ಅವರ ಮದುವೆಯನ್ನು ಮದುವೆ ಎಂದು ಒಪ್ಪಲಿಲ್ಲ. ಅದಕ್ಕೆ 2014ರವರೆಗೆ ಕಾಯಬೇಕಾಯಿತು. ಒಂದು ದೇಶದಲ್ಲಿ ಆದ ಮದುವೆ ಗಡಿ ದಾಟಿದರೂ ಮದುವೆಯಾಗಿಯೇ ಉಳಿಯುತ್ತದೆ ಎಂದು ಉಳಿದವರೆಲ್ಲ ನಿಶ್ಚಿಂತೆಯಿಂದ ಇರುತ್ತಾರೆ. ಆ ನಿಶ್ಚಿಂತೆ ಇವರಿಗೆ ಇರಲಿಲ್ಲ.

ಇದರಿಂದ ಧರ್ಮಕ್ಕೆ ಧಕ್ಕೆಯಾಗುತ್ತದೆ ಎಂಬ ಆತಂಕಕ್ಕೆ ಉತ್ತರ ಚಿಕ್ಕದು. ಇಲ್ಲಿ ಕೇಳುತ್ತಿರುವುದು ನೋಂದಣಿ ಕಚೇರಿಯ ಮದುವೆಯನ್ನು. ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟ ಇಂಗ್ಲೆಂಡಿನ 2013ರ ಕಾಯ್ದೆ, ಇಷ್ಟವಿಲ್ಲದ ಯಾವ ಧಾರ್ಮಿಕ ಸಂಸ್ಥೆಯನ್ನೂ ಇಂಥ ಮದುವೆ ನಡೆಸಿಕೊಡುವಂತೆ ಬಲವಂತ ಮಾಡುವುದಿಲ್ಲ.

ನಮ್ಮಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆದರೆ 2023ರ ಅಕ್ಟೋಬರ್ 17ರಂದು ಐವರು ನ್ಯಾಯಮೂರ್ತಿಗಳೂ ಮದುವೆಯಾಗುವುದು ಮೂಲಭೂತ ಹಕ್ಕಲ್ಲ ಎಂದರು. ಮದುವೆ ಬೇಡವಾದರೆ ಬೇರೆ ಬಗೆಯ ಮಾನ್ಯತೆಯನ್ನಾದರೂ ಕೊಡಬಹುದೇ ಎಂಬ ಪ್ರಶ್ನೆಗೆ ಮೂವರು ಇಲ್ಲ ಎಂದರು, ಇಬ್ಬರು ಹೌದು ಎಂದರು. ಮುಂದಿನದು ಸಂಸತ್ತಿಗೆ ಬಿಟ್ಟದ್ದು. 2024ರಲ್ಲಿ ಕೇಂದ್ರ ಸರ್ಕಾರ, ಇಂಥ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು, ಸಂಗಾತಿಯನ್ನು ನಾಮಿನಿ ಮಾಡಬಹುದು ಎಂದು ಸ್ಪಷ್ಟಪಡಿಸಿತು. ಅದನ್ನು ಸ್ವಾಗತಿಸುತ್ತೇನೆ. ಆದರೆ ನಾಮಿನಿ ಎಂದರೆ ಬ್ಯಾಂಕಿನಿಂದ ಹಣ ಪಡೆದುಕೊಳ್ಳುವವರು ಅಷ್ಟೇ. ಉಯಿಲು ಇಲ್ಲದಿದ್ದರೆ ಆ ಹಣ ವಾರಸುದಾರರಿಗೆ ಸೇರುತ್ತದೆ. ಹತ್ತಾರು ವರ್ಷ ಜೊತೆಗಿದ್ದು ಆರೈಕೆ ಮಾಡಿದವರು, ಎಂದೂ ತಿರುಗಿ ನೋಡದ ಅಣ್ಣತಮ್ಮಂದಿರ ಕೈಗೆ ಅದನ್ನು ಎಣಿಸಿ ಕೊಡಬೇಕಾಗಬಹುದು.

ಥಾಯ್ಲೆಂಡಿನಲ್ಲಿಯೂ ಇದೇ ಚರ್ಚೆ ನಡೆದಿತ್ತು. 2020ರಲ್ಲಿ ಅಲ್ಲಿನ ಸಚಿವ ಸಂಪುಟ ಸಹಜೀವನ ನೋಂದಣಿಯ ಮಸೂದೆಗೇ ಒಪ್ಪಿಗೆ ಕೊಟ್ಟಿತ್ತು. ಅದು ಸಾಲದು ಎಂದು ಹೋರಾಟಗಾರರು ಪಟ್ಟು ಹಿಡಿದರು. ಕೊನೆಗೆ ಸಂಸತ್ತು ಬೇರೆ ಕಾನೂನಿನ ಗೊಡವೆಗೆ ಹೋಗದೆ, ಇದ್ದ ಮದುವೆಯ ಕಾನೂನನ್ನೇ ತಿದ್ದಿತು. ಸೆನೆಟ್‌ನಲ್ಲಿ ಪರವಾಗಿ 130 ಮತ, ವಿರುದ್ಧ 4. 2025ರ ಜನವರಿ 23ರಂದು ಅದು ಜಾರಿಗೆ ಬಂದ ಮೊದಲ ದಿನವೇ ಸಾವಿರಾರು ಜನ ಮದುವೆ ನೋಂದಾಯಿಸಿದರು. ನಮ್ಮ ಸಂಸತ್ತು ಈ ವಿಷಯವನ್ನು ಎಂದಾದರೂ ಕೈಗೆತ್ತಿಕೊಂಡಾಗ, 1954ರ ವಿಶೇಷ ವಿವಾಹ ಕಾಯ್ದೆಯನ್ನೇ ತಿದ್ದಬೇಕು ಎಂಬುದು ನನ್ನ ಒತ್ತಾಯ. ಜಾತಿ, ಧರ್ಮ ನೋಡದೆ ಮದುವೆಯಾಗಲು ಬಯಸಿದವರಿಗೆ ಆ ಕಾಯ್ದೆ ಈಗಾಗಲೇ ಅವಕಾಶ ಕೊಟ್ಟಿದೆ.