ಫೋನ್ ಸತ್ತರೂ ಗೇಟ್ ತೆರೆಯಬೇಕು

ಫೋನಿದ್ದರೆ ಸಾಕು, ಪರ್ಸ್ ಬಿಸಾಕಿ ಅನ್ನುವವರಿದ್ದಾರೆ. ಈ ಸಲ ಊರಿಗೆ ಬಂದಾಗ ಜಯನಗರದ ಒಂದು ದರ್ಶಿನಿಯಲ್ಲಿ ಖಾಲಿ ದೋಸೆ, ಕಾಫಿ ಹೇಳಿ ಐನೂರರ ನೋಟು ಚಾಚಿದೆ. ಕ್ಯಾಶಿಯರ್ ಅದನ್ನು ಮುಟ್ಟಲೂ ಇಲ್ಲ. "ಚಿಲ್ರೆ ಇಲ್ಲ ಸಾರ್, ಸ್ಕ್ಯಾನ್ ಮಾಡಿ." ನನ್ನ ಫೋನಿನಲ್ಲಿ ಇರೋದು ಜಪಾನಿನ ಸಿಮ್, ಯುಪಿಐ ಇಲ್ಲ. ಹಿಂದೆ ನಿಂತಿದ್ದ ಹುಡುಗ "ಬಿಡಿ ಅಂಕಲ್, ನಾನ್ ಹಾಕ್ತೀನಿ" ಎಂದು ಕ್ಷಣದಲ್ಲಿ ಹಾಕಿಬಿಟ್ಟ. ಒಳ್ಳೆಯ ಹುಡುಗ. ಅಂಕಲ್ ಅಂದಿದ್ದು ಮಾತ್ರ ಬೇಕಿರಲಿಲ್ಲ.

ಮನೆಗೆ ಬಂದು ಹೇಳಿದರೆ ಅಮ್ಮ, "ನಂಗೆ ದಿನಾ ಇದೇ ಕಥೆ ಕಣೋ" ಎಂದಳು. ಹೂವಿನವಳೂ ಸ್ಕ್ಯಾನ್ ಅಂತಾಳಂತೆ. ಪಕ್ಕದ ಮನೆ ಹುಡುಗಿಯ ಫೋನಿಂದ ಹಾಕಿಸಿ, ಅವಳ ಕೈಗೆ ನೋಟು ಕೊಡೋದು ಅಮ್ಮನ ವ್ಯವಸ್ಥೆ. ಜೀವನವಿಡೀ ಯಾರ ಹತ್ತಿರವೂ ಕೈಸಾಲ ಮಾಡದವಳು ಮೊಳ ಹೂವಿಗೆ ಇನ್ನೊಬ್ಬರ ಫೋನ್ ಕಾಯಬೇಕು.

ನಾನಿರುವುದು ಟೋಕಿಯೊದ ನಿಶಿ ಕಸಾಯ್‌ನಲ್ಲಿ. ಫೋನನ್ನೇ ಪರ್ಸ್ ಮಾಡಿದ್ದರಲ್ಲಿ ಜಪಾನಿನವರು ನಮಗಿಂತ ಮುಂದೆ. ಅಲ್ಲಿ 2004ರಲ್ಲೇ, ಮಡಚುವ ಫೋನುಗಳ ಕಾಲದಲ್ಲೇ, ಫೋನ್ ತಾಗಿಸಿ ದುಡ್ಡು ಕೊಡೋದು ಶುರುವಾಗಿತ್ತು. 2001ರಲ್ಲಿ ಬಂದ ಸುಯಿಕಾ ರೈಲು ಕಾರ್ಡ್ 2006ಕ್ಕೆ ಫೋನಿನೊಳಗೂ ಸೇರಿತು. ಆದರೆ ಪ್ಲಾಸ್ಟಿಕ್ ಕಾರ್ಡ್ ಹೋಗಲಿಲ್ಲ, ನೋಟು ಹೋಗಲಿಲ್ಲ. ಬೇಕಾದವರು ಫೋನ್ ತಾಗಿಸುತ್ತಾರೆ, ಬೇಡದವರು ಪರ್ಸ್ ತೆಗೆಯುತ್ತಾರೆ. ಯಾರೂ ಯಾರನ್ನೂ ಗದರುವುದಿಲ್ಲ.

ನನಗೆ ಹೆಚ್ಚು ಇಷ್ಟವಾಗುವುದು ಇನ್ನೊಂದು ವಿಷಯ. ಸುಯಿಕಾ ಕಾರ್ಡಿನಲ್ಲಿ ಬ್ಯಾಟರಿಯೇ ಇಲ್ಲ. ಗೇಟಿನ ಯಂತ್ರದ ಕಾಂತಕ್ಷೇತ್ರದಿಂದಲೇ ಚಿಪ್‌ಗೆ ಕರೆಂಟ್ ಸಿಗುತ್ತದೆ. ಬಾಕಿ ಹಣದ ಲೆಕ್ಕ ಚಿಪ್‌ನಲ್ಲೇ ಇರುತ್ತದೆ, ನೆಟ್‌ವರ್ಕ್ ಕೇಳುವುದಿಲ್ಲ. ಹೊಸ ಐಫೋನ್‌ಗಳಲ್ಲಂತೂ ಬ್ಯಾಟರಿ ಮುಗಿದು ಸ್ಕ್ರೀನ್ ಕಪ್ಪಾದ ಮೇಲೂ ಐದು ಗಂಟೆವರೆಗೆ ಅದೇ ಫೋನಿನಿಂದ ಗೇಟ್ ತೆರೆಯಬಹುದು. ಆಫೀಸಿನಿಂದ ತಡವಾಗಿ ಹೊರಟ ರಾತ್ರಿ ಇದರ ಬೆಲೆ ಗೊತ್ತಾಗುತ್ತದೆ.

ನಮ್ಮ ಮೆಟ್ರೋ 2022ರ ನವೆಂಬರ್‌ನಲ್ಲಿ ವಾಟ್ಸಾಪ್‌ನಲ್ಲೇ ಕ್ಯೂಆರ್ ಟಿಕೆಟ್ ಕೊಟ್ಟಿತು. ಮೆಜೆಸ್ಟಿಕ್‌ನಲ್ಲಿ ಒಮ್ಮೆ ನಿಂತು ನೋಡಿ. ಬ್ರೈಟ್‌ನೆಸ್ ಏರಿಸುವವರು, ಫೋನ್ ಅತ್ತಿತ್ತ ತಿರುಗಿಸುವವರು, ಚಾರ್ಜ್ ಎರಡು ಪರ್ಸೆಂಟ್‌ಗೆ ಇಳಿದು ಇಳಿಯುವ ಸ್ಟೇಷನ್‌ವರೆಗೆ ಉಸಿರು ಬಿಗಿಹಿಡಿದವರು. ಕ್ಯೂಆರ್‌ಗೆ ಸ್ಕ್ರೀನ್ ಬೇಕು, ಚಾರ್ಜ್ ಬೇಕು. ಅಂಗಡಿಯಲ್ಲಾದರೆ ನೆಟ್‌ವರ್ಕೂ ಬೇಕು, ಆ ಹೊತ್ತಿಗೆ ಬ್ಯಾಂಕಿನ ಸರ್ವರೂ ಎದ್ದಿರಬೇಕು. ದುಡ್ಡು, ಟಿಕೆಟ್, ಡಿಜಿಲಾಕರ್‌ನಲ್ಲಿ ಡಿಎಲ್, ಆಟೋ, ವಿಮಾನ ನಿಲ್ದಾಣದಲ್ಲಿ ಡಿಜಿಯಾತ್ರಾ ಎಲ್ಲವನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೇವೆ. ಮುಂದೆ ಮನೆ ಬೀಗದ ಕೈಯೂ ಅಲ್ಲಿಗೇ ಬರುತ್ತದೆ, ಬಿಡಿ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಹಾಳೆ ಮಾಯವಾಗಿ 'ಕ್ಯಾಶ್ ಮಾತ್ರ' ಎಂಬ ಚೀಟಿ ಬಂತು. ಚಿಲ್ಲರೆ ಆಗ ಎಲ್ಲಿಂದ ಬಂತೋ!

ಸರಿ, ಒಪ್ಪಿಕೊಳ್ಳಲೇಬೇಕಾದ್ದೂ ಇದೆ. ತಾಗಿಸುವ ವ್ಯವಸ್ಥೆಗೆ ಅಂಗಡಿಯವನು ಯಂತ್ರ ಕೊಳ್ಳಬೇಕು, ಕಮಿಷನ್ ಕಟ್ಟಬೇಕು. ಫುಟ್‌ಪಾತಿನ ಸೊಪ್ಪಿನಮ್ಮನಿಗೆ ಅದೆಲ್ಲ ಆಗುವ ಮಾತಾ? ಅವರಿಗೆ ಒಂದು ರಟ್ಟಿನ ಮೇಲಿನ ಕ್ಯೂಆರ್ ಸಾಕು. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟುಗಳ ಸಂಖ್ಯೆ 2000 ಕೋಟಿ ದಾಟಿದ್ದು ಸುಮ್ನೆ ಅಲ್ಲ. ಜಪಾನಿನವರೂ ಸಣ್ಣ ಅಂಗಡಿಗಳಿಗಾಗಿ ಕೊನೆಗೆ ಕ್ಯೂಆರ್‌ಗೇ ಬಂದರು. 2018ರಲ್ಲಿ ಶುರುವಾದ ಅಲ್ಲಿನ ಪೇಪೇ ಎಂಬ ಕ್ಯೂಆರ್ ಪಾವತಿ ಆ್ಯಪ್‌ಗೆ ತಂತ್ರಜ್ಞಾನದ ನೆರವು ಕೊಟ್ಟಿದ್ದು ನಮ್ಮ ಪೇಟಿಎಂ. ಟೋಕಿಯೊದ ನಮ್ಮ ಬೀದಿಯ ಡೆಂಟಿಸ್ಟ್ ಮಾತ್ರ ಇನ್ನೂ ನೋಟೇ ಕೇಳುತ್ತಾನೆ, ಅದೂ ಬೇಜಾರೇ.

ಹಾಗಂತ ಅಮ್ಮನ ಪಾಡು ಬದಲಾಗಲಿಲ್ಲವಲ್ಲ. ನೆಟ್‌ವರ್ಕ್ ಇಲ್ಲದೆ ಫೋನಿಗೆ ಫೋನ್ ತಾಗಿಸಿ ಹಣ ದಾಟಿಸುವ ಯುಪಿಐ ಲೈಟ್ ಎಕ್ಸ್ 2023ರಲ್ಲೇ ಬಂದಿದೆ. ಗಾಂಧಿ ಬಜಾರಿನಲ್ಲಿ ಯಾರನ್ನಾದರೂ ಅದರ ಹೆಸರು ಕೇಳಿ ನೋಡಿ. ಮೆಟ್ರೋದಲ್ಲಿ ತಾಗಿಸುವ ಎನ್‌ಸಿಎಂಸಿ ಕಾರ್ಡ್, ಅಂದರೆ ದೇಶಕ್ಕೆಲ್ಲ ಒಂದೇ ಪ್ರಯಾಣದ ಕಾರ್ಡ್, ಅಂಗಡಿಗಳಲ್ಲೂ ನಡೆಯಲೆಂದೇ ಮಾಡಿದ್ದು. ಅದನ್ನು ಹೂವಿನವಳೂ ತಗೊಳ್ಳುವಂತಾಗಲಿ. ಪರ್ಸ್ ಬಿಸಾಕುವ ಮಾತು ಆಮೇಲೆ ಆಡೋಣ.