ಸೋತವರು ಅಂದೇ ಸೋಲು ಒಪ್ಪಿಕೊಳ್ಳಬೇಕೇ?

ಪರ: ಒಪ್ಪಿಕೊಳ್ಳಲಿ, ತಡ ಮಾಡಿದಷ್ಟೂ ಕೇಡು ಜಾಸ್ತಿ

ಫಲಿತಾಂಶದ ದಿನ ಗೆದ್ದವರು ಏನು ಹೇಳುತ್ತಾರೆ ಎಂಬುದು ಎಲ್ಲರಿಗೂ ಗೊತ್ತು. ಮತದಾರರಿಗೆ ಧನ್ಯವಾದ, ಕಾರ್ಯಕರ್ತರಿಗೆ ಧನ್ಯವಾದ, ಇನ್ನು ಮುಂದೆ ಒಳ್ಳೆಯ ದಿನ. ಅದನ್ನು ಕೇಳಿ ಯಾರ ಮನಸ್ಸೂ ಬದಲಾಗುವುದಿಲ್ಲ. ಆ ರಾತ್ರಿ ತೂಕವಿರುವ ಮಾತು ಸೋತವರದ್ದು. ಅವರಿಗೆ ವೋಟು ಹಾಕಿದ ಕೋಟ್ಯಂತರ ಜನ ಸಿಟ್ಟಿನಲ್ಲಿರುತ್ತಾರೆ. ಚುನಾವಣಾ ಆಯೋಗದ ಮಾತನ್ನು ಅವರು ಅರೆಮನಸ್ಸಿನಿಂದ ಕೇಳುತ್ತಾರೆ. ಗೆದ್ದವರ ಮಾತನ್ನಂತೂ ಕೇಳುವುದೇ ಇಲ್ಲ. ‘ನಾವು ಸೋತೆವು, ಮನೆಗೆ ಹೋಗೋಣ’ ಎಂದು ಅವರದೇ ನಾಯಕ ಹೇಳಿದರೆ ಮಾತ್ರ ಕೇಳುತ್ತಾರೆ.

ಹಾಗೆ ಹೇಳಲೇಬೇಕು ಎಂಬ ಕಾನೂನೇನೂ ಇಲ್ಲ. 1896ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಸೋತ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್, ಗೆದ್ದ ಮೆಕಿನ್ಲಿಗೆ ಅಭಿನಂದನೆಯ ತಂತಿ ಕಳಿಸಿದರು. ಅದೇ ರೂಢಿಯಾಗಿ ಬೆಳೆಯಿತು. 2008ರಲ್ಲಿ ಜಾನ್ ಮೆಕೇನ್ ಸೋಲು ಒಪ್ಪಿಕೊಂಡು ಒಬಾಮ ಹೆಸರೆತ್ತಿದಾಗ ಅವರ ಬೆಂಬಲಿಗರೇ ಛೀ ಥೂ ಎಂದರು. ಮೆಕೇನ್ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಆ ಜನರನ್ನು ಹಾಗೆ ಸುಮ್ಮನಾಗಿಸುವುದು ಒಬಾಮ ಅವರಿಂದ ಆಗುತ್ತಿತ್ತೇ? ಪೊಲೀಸರಿಂದ ಆಗುತ್ತಿತ್ತೇ?

ಬಾಯಿ ಬಿಡದೆ ಕೂತರೆ ಏನಾಗುತ್ತದೆ ಎಂಬುದಕ್ಕೆ ಬ್ರೆಜಿಲ್ ನೋಡಿ. 2022ರ ಅಕ್ಟೋಬರ್ 30ರಂದು ಅಧ್ಯಕ್ಷರಾಗಿದ್ದ ಬೊಲ್ಸೊನಾರೊ ಸುಮಾರು 21 ಲಕ್ಷ ಮತಗಳಿಂದ ಲೂಲಾಗೆ ಸೋತರು. ಎರಡು ದಿನ ಮಾತಿಲ್ಲ. ಆಮೇಲೆ ಮಾಡಿದ ಚಿಕ್ಕ ಭಾಷಣದಲ್ಲೂ ‘ಸೋತೆ’ ಎಂಬ ಮಾತಿಲ್ಲ. ಅಷ್ಟರಲ್ಲಿ ಅವರ ಕಡೆಯ ಲಾರಿಯವರು ಹೆದ್ದಾರಿಗಳನ್ನು ಬಂದ್ ಮಾಡಿದ್ದರು. ಬೆಂಬಲಿಗರು ಸೇನಾ ಠಾಣೆಗಳ ಮುಂದೆ ಡೇರೆ ಹಾಕಿ ವಾರಗಟ್ಟಲೆ ಕೂತರು. 2023ರ ಜನವರಿ 8ರಂದು ಸಂಸತ್ತು, ಸುಪ್ರೀಂ ಕೋರ್ಟು, ಅಧ್ಯಕ್ಷರ ಕಚೇರಿ ಮೂರಕ್ಕೂ ನುಗ್ಗಿದರು. ಎರಡು ವರ್ಷ ಮುಂಚೆ, 2021ರ ಜನವರಿ 6ರಂದು, ವಾಷಿಂಗ್ಟನ್‌ನಲ್ಲೂ ಇದೇ ಬಗೆಯ ದಾಂಧಲೆ ನಡೆದಿತ್ತು. ಅಲ್ಲಿ ಚುನಾವಣೆ ಸೋತ ಟ್ರಂಪ್ ಕಡೆಯವರು 60ಕ್ಕೂ ಹೆಚ್ಚು ಕೇಸು ಹಾಕಿ, ಬಹುತೇಕ ಎಲ್ಲದರಲ್ಲೂ ಸೋತಿದ್ದರು. ಆದರೂ ಒಪ್ಪಿಕೊಳ್ಳುವ ಮಾತು ಬರಲಿಲ್ಲ.

ನೈಜೀರಿಯಾದ ಕಥೆ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. 2011ರ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ಗುಡ್‌ಲಕ್ ಜೊನಾಥನ್ ಗೆದ್ದರು, ಬುಹಾರಿ ಸೋತರು. ಉತ್ತರದ ರಾಜ್ಯಗಳಲ್ಲಿ ಗಲಭೆ ಎದ್ದು ಮೂರೇ ದಿನದಲ್ಲಿ 800ಕ್ಕೂ ಹೆಚ್ಚು ಜನ ಸತ್ತರು. 2015ರಲ್ಲಿ ಮತ್ತೆ ಅದೇ ಇಬ್ಬರು. ಈ ಸಲ ಅಧಿಕಾರದಲ್ಲಿದ್ದ ಜೊನಾಥನ್ ಸೋಲುವುದು ಖಚಿತವಾಯಿತು. ಆ ದೇಶದಲ್ಲಿ ಅಧಿಕಾರದಲ್ಲಿದ್ದ ಅಧ್ಯಕ್ಷರೊಬ್ಬರು ಚುನಾವಣೆಯಲ್ಲಿ ಸೋತದ್ದು ಅದೇ ಮೊದಲು. ಸೇನೆ, ಪೊಲೀಸು ಎಲ್ಲ ಅವರ ಕೈಯಲ್ಲೇ ಇತ್ತು. ಅಧಿಕೃತ ಘೋಷಣೆಗೂ ಕಾಯದೆ ಅವರು ಬುಹಾರಿಗೆ ಫೋನ್ ಮಾಡಿ ಅಭಿನಂದಿಸಿದರು. ಆ ಒಂದು ಕರೆಯಿಂದ ಎಷ್ಟು ಜೀವ ಉಳಿಯಿತೋ ಲೆಕ್ಕ ಹಾಕಲು ಆಗುವುದಿಲ್ಲ. ಆದರೆ ನಾಲ್ಕು ವರ್ಷ ಮುಂಚಿನ ಹೆಣಗಳ ಲೆಕ್ಕ ಕಣ್ಣ ಮುಂದೆಯೇ ಇತ್ತು, ಅಲ್ವಾ?

ಭಾರತದಲ್ಲಿ ಈ ವಿಷಯದಲ್ಲಿ ಒಳ್ಳೆಯ ಪರಂಪರೆ ಇದೆ. 1977ರಲ್ಲಿ ಇಂದಿರಾ ಗಾಂಧಿ ರಾಯಬರೇಲಿಯಲ್ಲಿ ತಾವೂ ಸೋತು, ಪಕ್ಷವೂ ಸೋತಾಗ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿ ಹೇರಿದವರೇ ಹೀಗೆ ಎದ್ದು ಹೋದರು ಎಂಬುದು ಸಣ್ಣ ಸಂಗತಿಯಲ್ಲ. 2004ರಲ್ಲಿ ಹೆಚ್ಚಿನ ಸಮೀಕ್ಷೆಗಳು ವಾಜಪೇಯಿ ಸರ್ಕಾರ ಮತ್ತೆ ಬರುತ್ತದೆ ಎಂದಿದ್ದವು. ಫಲಿತಾಂಶ ತಿರುಗಿತು. ಮೇ 13ರಂದೇ, ಎಣಿಕೆಯ ದಿನವೇ, ವಾಜಪೇಯಿ ರಾಜೀನಾಮೆ ಕೊಟ್ಟರು. ಲೆಕ್ಕ ತಪ್ಪಾಗಿದೆ, ತಡೆಯಿರಿ ಎನ್ನಲಿಲ್ಲ.

ಒಪ್ಪಿಕೊಂಡವರಿಗೂ ಲಾಭವಿದೆ. ಘಾನಾದಲ್ಲಿ 2016ರಲ್ಲಿ ಸೋತ ಅಧ್ಯಕ್ಷ ಮಹಾಮ, ಅಧಿಕೃತ ಘೋಷಣೆಗೆ ಮೊದಲೇ ಎದುರಾಳಿಗೆ ಕರೆ ಮಾಡಿದರು. 2024ರಲ್ಲಿ ಅವರೇ ಗೆದ್ದು ವಾಪಸ್ ಬಂದರು. ಆಗ ಸೋತ ಬಾವುಮಿಯಾ ಮತದಾನದ ಮರುದಿನವೇ ಅವರಿಗೆ ಕರೆ ಮಾಡಿದರು. ಮತಯಂತ್ರದ ಮೇಲೆ, ಚುನಾವಣಾ ಆಯೋಗದ ಮೇಲೆ ಗೂಬೆ ಕೂರಿಸುತ್ತಾ ಕೂತ ಪಕ್ಷಕ್ಕೆ ‘ನಮಗೆ ಯಾಕೆ ವೋಟು ಬರಲಿಲ್ಲ’ ಎಂದು ಯೋಚಿಸುವ ಗರಜೇ ಬೀಳುವುದಿಲ್ಲ.

ಇನ್ನು ಸೋಲು ಒಪ್ಪದೆ ಜನರನ್ನು ಬೀದಿಗಿಳಿಸುವವರ ಮಾತು. ಇಂಡೋನೇಷ್ಯಾದಲ್ಲಿ 2019ರ ಅಧ್ಯಕ್ಷ ಚುನಾವಣೆಯಲ್ಲಿ ಸೋತ ಪ್ರಬೊವೊ ಫಲಿತಾಂಶ ಒಪ್ಪಲಿಲ್ಲ. ಮೇ ತಿಂಗಳಲ್ಲಿ ಜಕಾರ್ತಾ ಹೊತ್ತಿ ಉರಿಯಿತು, ಜನ ಸತ್ತರು. ಜೂನ್‌ನಲ್ಲಿ ಕೋರ್ಟು ಅವರ ಅರ್ಜಿ ವಜಾ ಮಾಡಿತು. ಅಕ್ಟೋಬರ್‌ನಲ್ಲಿ ಅದೇ ಪ್ರಬೊವೊ, ಗೆದ್ದ ಜೊಕೊವಿ ಅವರ ಸಂಪುಟದಲ್ಲಿ ರಕ್ಷಣಾ ಸಚಿವರಾದರು. ಗೆದ್ದೆತ್ತಿನ ಬಾಲ ಹಿಡಿಯುವುದೇ ಆಗಿದ್ದರೆ ಮೇ ತಿಂಗಳಲ್ಲೇ ಹಿಡಿಯಬಹುದಿತ್ತು. ಬೀದಿಯಲ್ಲಿ ಸತ್ತವರ ಮನೆಯವರು ಯಾರನ್ನು ಕೇಳಬೇಕು?

ವಿರೋಧ: ಎಣಿಕೆ ಮುಗಿಯಲಿ, ಅರ್ಜಿ ತೀರ್ಮಾನವಾಗಲಿ

ಮೇಲಿನ ವಾದದಲ್ಲಿ 1977 ಬಂತು. 1971 ಬರಲಿಲ್ಲ. ಅದೇ ರಾಯಬರೇಲಿಯಲ್ಲಿ 1971ರಲ್ಲಿ ರಾಜ್ ನಾರಾಯಣ್ ಇಂದಿರಾ ಗಾಂಧಿ ಎದುರು ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. ಇಷ್ಟು ಅಂತರದಲ್ಲಿ ಸೋತವರು ತಕರಾರು ಎತ್ತಿದರೆ ಜನ ನಗುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಆಡಿಕೊಳ್ಳುತ್ತಾರೆ. ಅವರು ಅಲಹಾಬಾದ್ ಹೈಕೋರ್ಟಿಗೆ ಹೋದರು. ಪ್ರಚಾರಕ್ಕೆ ಸರ್ಕಾರಿ ನೌಕರರನ್ನು ಬಳಸಿದ್ದು ಸಾಬೀತಾಯಿತು. 1975ರ ಜೂನ್ 12ರಂದು ಪ್ರಧಾನಿಯ ಆಯ್ಕೆಯೇ ರದ್ದಾಯಿತು. ನೆಲ ಡೊಂಕಿದ್ದದ್ದು ನಿಜವೇ ಆಗಿತ್ತು.

ಸೋತವರು ಗಲಾಟೆ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ವಾಷಿಂಗ್ಟನ್‌ನಲ್ಲಿ, ಬ್ರೆಜಿಲ್ ರಾಜಧಾನಿ ಬ್ರೆಸಿಲಿಯಾದಲ್ಲಿ ಆದದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ನನ್ನ ತಕರಾರು ‘ಅಂದೇ’ ಎಂಬುದರ ಬಗ್ಗೆ. ಈ ಅವಸರ ಯಾರದ್ದು? ಕಾನೂನಿನದ್ದಲ್ಲ. ಹೆಚ್ಚಾಗಿ ಅದು ಟಿವಿಯವರದ್ದು, ಗೆದ್ದವರದ್ದು.

2000ದಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನೇ ನೋಡಿ. ಟಿವಿ ವಾಹಿನಿಗಳು ಸೋಲು-ಗೆಲುವು ನಿರ್ಧರಿಸುವ ಫ್ಲಾರಿಡಾ ರಾಜ್ಯ ಬುಷ್ ಪಾಲಾಯಿತು ಎಂದು ಸಾರಿದವು. ಅದನ್ನು ನಂಬಿ ಎದುರಾಳಿ ಅಲ್ ಗೋರ್ ನಡುರಾತ್ರಿ ಬುಷ್‌ಗೆ ಫೋನ್ ಮಾಡಿ ಅಭಿನಂದಿಸಿದರು. ಸೋಲಿನ ಭಾಷಣ ಮಾಡಲು ಹೊರಟೂ ಬಿಟ್ಟಿದ್ದರು. ದಾರಿಯಲ್ಲಿ ಅಂತರ ಕರಗುತ್ತಿದೆ ಎಂಬ ಸುದ್ದಿ ಬಂತು. ಮತ್ತೆ ಫೋನ್ ಮಾಡಿ ಮಾತು ಹಿಂದೆ ತೆಗೆದುಕೊಂಡರು. ಫ್ಲಾರಿಡಾದಲ್ಲಿ ಕೊನೆಗೆ ಉಳಿದ ಅಂತರ 537 ಮತ. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು 5-4ರ ತೀರ್ಪಿನಲ್ಲಿ ಮರು ಎಣಿಕೆ ನಿಲ್ಲಿಸಿತು. ಮರುದಿನ ಗೋರ್, ತೀರ್ಪು ತಮಗೆ ಒಪ್ಪಿಗೆಯಿಲ್ಲ, ಆದರೂ ಪಾಲಿಸುತ್ತೇನೆ ಎಂದರು. ಮೊದಲ ರಾತ್ರಿಯ ಕರೆ ಟಿವಿ ನೋಡಿ ಮಾಡಿದ್ದು. ಐದು ವಾರದ ಮೇಲಿನ ಒಪ್ಪಿಗೆ ಎಲ್ಲ ದಾರಿ ಮುಗಿದ ಮೇಲೆ ಬಂದದ್ದು. ಯಾವುದಕ್ಕೆ ಬೆಲೆ ಜಾಸ್ತಿ?

ಮಲಾವಿಯ ಉದಾಹರಣೆ ಇನ್ನೂ ಗಟ್ಟಿ. 2019ರಲ್ಲಿ ಅಧ್ಯಕ್ಷರಾಗಿದ್ದ ಮುಥಾರಿಕ ಮತ್ತೆ ಗೆದ್ದರು ಎಂದು ಘೋಷಣೆಯಾಯಿತು. ಅವರಿಗೆ ಶೇ. 38ಕ್ಕೂ ಸ್ವಲ್ಪ ಹೆಚ್ಚು, ಎರಡನೇ ಸ್ಥಾನದ ಚಕ್ವೆರಾಗೆ ಶೇ. 35ರಷ್ಟು ಮತ. ಆದರೆ ಎಷ್ಟೋ ಮತಗಟ್ಟೆಗಳ ಲೆಕ್ಕದ ಹಾಳೆಗಳಲ್ಲಿ ಅಂಕಿಗಳನ್ನು ವೈಟ್ನರ್ ಹಚ್ಚಿ ತಿದ್ದಲಾಗಿತ್ತು. ಚಕ್ವೆರಾ ಕೋರ್ಟಿಗೆ ಹೋದರು. ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ತೀರ್ಪಿನ ದಿನ ನ್ಯಾಯಾಧೀಶರು ಗುಂಡು ನಿರೋಧಕ ಅಂಗಿ ತೊಟ್ಟು ಬಂದರು. 2020ರ ಫೆಬ್ರವರಿಯಲ್ಲಿ ಚುನಾವಣೆ ರದ್ದಾಯಿತು. ಜೂನ್‌ನಲ್ಲಿ ಮರು ಮತದಾನ ನಡೆದಾಗ ಚಕ್ವೆರಾ ಶೇ. 58ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ಅವರು ಮೊದಲ ದಿನವೇ ‘ಜನಾದೇಶಕ್ಕೆ ತಲೆಬಾಗುತ್ತೇನೆ’ ಎಂದಿದ್ದರೆ ನಿಜವಾದ ಜನಾದೇಶ ಯಾವುದು ಎಂಬುದು ಗೊತ್ತೇ ಆಗುತ್ತಿರಲಿಲ್ಲ.

ತಕರಾರು ಎತ್ತಿ ಸೋತವರಿಂದಲೂ ಉಪಯೋಗವಿದೆ. ಆಸ್ಟ್ರಿಯಾದಲ್ಲಿ 2016ರ ಮೇನಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಹೋಫರ್ ಸುಮಾರು 31,000 ಮತಗಳಿಂದ ಸೋತರು. ಕೆಲವು ಕಡೆ ಅಂಚೆ ಮತಗಳನ್ನು ನಿಯಮ ಮೀರಿ ಮೊದಲೇ ತೆರೆದಿದ್ದರು. ಮೋಸ ನಡೆದದ್ದಕ್ಕೆ ಸಾಕ್ಷಿ ಸಿಗಲಿಲ್ಲ. ಆದರೂ ನಿಯಮ ಮುರಿದದ್ದಕ್ಕೇ ಕೋರ್ಟು ಇಡೀ ದೇಶದಲ್ಲಿ ಮರು ಮತದಾನಕ್ಕೆ ಆದೇಶಿಸಿತು. ಡಿಸೆಂಬರ್‌ನಲ್ಲಿ ಹೋಫರ್ ಮತ್ತೆ ಸೋತರು, ಈ ಸಲ ಸುಮಾರು 3.5 ಲಕ್ಷ ಮತಗಳಿಂದ. ಅವತ್ತೇ ಒಪ್ಪಿಕೊಂಡರು. ಗೆದ್ದವರಿಗೂ ಅದು ಒಳ್ಳೆಯದೇ ಆಯಿತು. ಅವರ ಗೆಲುವಿನ ಮೇಲೆ ಯಾರೂ ಬೆರಳು ತೋರಿಸದ ಹಾಗಾಯಿತು.

ಒಪ್ಪಿಕೊಳ್ಳದವರ ರಾಜಕೀಯ ಮುಗಿಯುತ್ತದೆ ಎನ್ನುವುದೂ ಪೂರ್ತಿ ನಿಜವಲ್ಲ. ಮೆಕ್ಸಿಕೊದಲ್ಲಿ 2006ರ ಅಧ್ಯಕ್ಷ ಚುನಾವಣೆಯಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಅಂತರದಲ್ಲಿ ಸೋತ ಲೋಪೆಸ್ ಒಬ್ರಡಾರ್ ರಾಜಧಾನಿಯ ಮುಖ್ಯ ರಸ್ತೆಯಲ್ಲಿ ಬೀಡುಬಿಟ್ಟರು. ತಾವೇ ‘ನ್ಯಾಯಬದ್ಧ ಅಧ್ಯಕ್ಷ’ ಎಂದು ಪ್ರಮಾಣವಚನವನ್ನೂ ತೆಗೆದುಕೊಂಡರು. ಅದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ 2018ರಲ್ಲಿ ಜನ ಅವರನ್ನು ಅರ್ಧಕ್ಕಿಂತ ಹೆಚ್ಚು ಮತ ಕೊಟ್ಟು ಗೆಲ್ಲಿಸಿದರು.

ವೆನೆಜುವೆಲಾದ 2024ರ ಜುಲೈ ನೆನಪಿಸಿಕೊಳ್ಳಿ. ಅಧ್ಯಕ್ಷರಾಗಿದ್ದ ಮಡುರೊ ಶೇ. 51 ಮತ ಪಡೆದು ಗೆದ್ದರು ಎಂದು ಚುನಾವಣಾ ಮಂಡಳಿ ಹೇಳಿತು. ಮತಗಟ್ಟೆವಾರು ಲೆಕ್ಕ ಕೊಡಲಿಲ್ಲ. ವಿರೋಧ ಪಕ್ಷದವರು ತಮ್ಮ ಏಜೆಂಟರಿಂದ ಶೇ. 80ಕ್ಕೂ ಹೆಚ್ಚು ಮತಯಂತ್ರಗಳ ಲೆಕ್ಕದ ಹಾಳೆ ಸಂಗ್ರಹಿಸಿ ಎಲ್ಲರಿಗೂ ಕಾಣುವಂತೆ ಹಾಕಿದರು. ಅದರಲ್ಲಿ ಅವರ ಅಭ್ಯರ್ಥಿ ಗೊನ್ಸಾಲೆಸ್‌ಗೆ ಮೂರನೇ ಎರಡರಷ್ಟು ಮತ. ಅಲ್ಲಿ ‘ಶಾಂತಿಗಾಗಿ ಒಪ್ಪಿಕೊಳ್ಳಿ’ ಎನ್ನುವುದು ಯಾರಿಗೆ ಅನುಕೂಲ?

ಹಾಗಾದರೆ ಹಿಂಸೆ ತಪ್ಪಿಸುವುದು ಹೇಗೆ? ಕೀನ್ಯಾ ಇದಕ್ಕೆ ಅರ್ಧ ಉತ್ತರ ಕೊಟ್ಟಿದೆ. 2007ರಲ್ಲಿ ವಿರೋಧ ಪಕ್ಷದ ನಾಯಕ ರೈಲಾ ಒಡಿಂಗಾ ಅಧ್ಯಕ್ಷ ಚುನಾವಣೆಯ ಫಲಿತಾಂಶ ತಿರಸ್ಕರಿಸಿದರು. ಕೋರ್ಟಿನ ಮೇಲೆ ಅವರ ಕಡೆಯವರಿಗೆ ನಂಬಿಕೆ ಇರಲಿಲ್ಲ. ಜಗಳ ಬೀದಿಗೆ ಬಂತು, ಸಾವಿರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ 2010ರಲ್ಲಿ ಹೊಸ ಸಂವಿಧಾನ ಬಂತು, ಹೊಸ ಸುಪ್ರೀಂ ಕೋರ್ಟು ಬಂತು. ಅಧ್ಯಕ್ಷ ಚುನಾವಣೆಯ ಅರ್ಜಿಯನ್ನು 14 ದಿನದಲ್ಲಿ ತೀರ್ಮಾನಿಸಲೇಬೇಕು ಎಂಬ ನಿಯಮವಾಯಿತು. 2017ರಲ್ಲಿ ಮತ್ತೆ ಸೋತ ಒಡಿಂಗಾ ಕೊನೆಗೆ ಕೋರ್ಟಿಗೆ ಹೋದರು. ಸೆಪ್ಟೆಂಬರ್ 1ರಂದು ಚುನಾವಣೆ ರದ್ದಾಯಿತು. ಮರು ಮತದಾನವನ್ನು ಅವರು ಬಹಿಷ್ಕರಿಸಿದರು, ಗಲಭೆಯೂ ಪೂರ್ತಿ ನಿಲ್ಲಲಿಲ್ಲ. ಅದಕ್ಕೇ ಅರ್ಧ ಉತ್ತರ ಎಂದೆ. ಆದರೂ 2007ಕ್ಕೆ ಹೋಲಿಸಿದರೆ ಸಾವುನೋವು ಎಷ್ಟೋ ಕಡಿಮೆ.

ಭಾರತದಲ್ಲಿ ಚುನಾವಣಾ ತಕರಾರು ಅರ್ಜಿ ಹಾಕಲು 45 ದಿನ ಅವಕಾಶವಿದೆ. ಆರು ತಿಂಗಳಲ್ಲಿ ವಿಚಾರಣೆ ಮುಗಿಸಲು ಪ್ರಯತ್ನಿಸಬೇಕು ಎಂದು 1951ರ ಜನಪ್ರಾತಿನಿಧ್ಯ ಕಾಯ್ದೆಯೇ ಹೇಳುತ್ತದೆ. ರಾಜ್ ನಾರಾಯಣ್ ಅವರಿಗೆ ನಾಲ್ಕು ವರ್ಷ ಹಿಡಿಯಿತು. ಸಿಕ್ಕ ತೀರ್ಪೂ ಉಳಿಯಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಕಾನೂನನ್ನೇ ತಿದ್ದಲಾಯಿತು, 1975ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಆ ತೀರ್ಪು ಬಿದ್ದುಹೋಯಿತು. ಸೋತವರು ಬೇಗ ಒಪ್ಪಿಕೊಳ್ಳಲಿ ಎನ್ನುವವರು ಮೊದಲು ಆ ಆರು ತಿಂಗಳನ್ನು ಬರೀ ಪ್ರಯತ್ನದ ಮಾತಾಗಿ ಬಿಡದೆ ಕಡ್ಡಾಯ ಗಡುವಾಗಿ ಮಾಡಲಿ. ಆಮೇಲೆ ಒಪ್ಪಿಕೊಳ್ಳದೆ ಕೂತವರನ್ನು ಬೈಯಲು ನಾನೂ ಜೊತೆಗಿರುತ್ತೇನೆ.